ಉದ್ಯೋಗ: ಏನೂ ಇಲ್ಲ

ಬೆಳಗಿನ ನಮಾಜು ಮುಗಿದು ಜನ ಚದುರಿದ ಮೇಲೆ ಹಾಜಿ ದಿಮ್ಯಾತಿಯವರು ಮಸೀದಿಯ ಮೈಕಿನ ಸಡಿಲವಾದ ತಂತಿಗೆ ಅಂಟುಪಟ್ಟಿ ಸುತ್ತುತ್ತ ಕೂತಿದ್ದರು. ಆಗ ಪೊನಿಜಾನ್ ಬಂದ. ಯಾವಾಗಲೂ ಮೆಟ್ಟಿಲ ಕೆಳಗಿನಿಂದಲೇ ಏನಾದರೊಂದು ತಮಾಷೆ ಎಸೆದು ಒಳಗೆ ಬರುವ ಮನುಷ್ಯ, ಅವತ್ತು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ನಿಂತ. ಸುಂಬಿಂಗ್ ಬೆಟ್ಟದಿಂದ ಇಳಿದ ಮಂಜು ಅವನ ತಲೆಗೂದಲಲ್ಲಿ ಹನಿಗಟ್ಟಿತ್ತು. "ಹಾಜಿಗಳೇ, ನಿಮ್ಮ ತಮ್ಮ ಹೋಗ್ಬಿಟ್ಟ" ಎಂದ. "ಈಗಷ್ಟೇ. ಕುರ್ಚೀಲಿ ಕೂತ ಹಾಗೇ." ದಿಮ್ಯಾತಿಯವರು ಪಟ್ಟಿಯ ತುದಿಯನ್ನು ಹಲ್ಲಿನಿಂದ ಹರಿದರು, ಅಂಟಿಸಿದರು, ಹೆಬ್ಬೆರಳಿನಿಂದ ಒತ್ತಿ ಸವರಿದರು. ನಾವು ಅಲ್ಲಾಹನವರು, ಅವನ ಬಳಿಗೇ ಮರಳುವವರು ಎಂಬ ಮಾತು ಅಭ್ಯಾಸದಿಂದ ತಾನಾಗಿ ಬಾಯಿಗೆ ಬಂತು. ಮೂವತ್ತೊಂದು ವರ್ಷದಿಂದ ಈ ಊರಿನ ಸಾವುಗಳನ್ನು ಇದೇ ಮೈಕಿನಲ್ಲಿ ಸಾರಿದವರು ಅವರು. ಹೆಣ ತೊಳೆದವರು, ಕಫನು ಸುತ್ತಿದವರು, ಗೋರಿಯ ಬಾಯಲ್ಲಿ ನಿಂತು ದುವಾ ಓದಿದವರು ಅವರೇ. ಗುಂಡಿ ಒತ್ತಿದರು. ಮೈಕು ಕೆಲಸ ಮಾಡುತ್ತದೋ ಎಂದು ನೋಡಲು ಎರಡು ಸಲ ಫೂ ಫೂ ಎಂದು ಊದಿದರು. ಕಣಿವೆಯ ಆಚೆ ಬದಿಯಿಂದ ಆ ಉಸಿರು ದೊಡ್ಡದಾಗಿ ತಿರುಗಿ ಬಂತು. ಎಪ್ಪತ್ತನಾಲ್ಕು ವರ್ಷದ ಮುದುಕನ ಉಸಿರು ಬೆಟ್ಟಕ್ಕೆ ಬಡಿದು ವಾಪಸು ಬರುತ್ತದೆ. ಅವನಿಗಿಂತ ಹದಿಮೂರು ವರ್ಷ ಚಿಕ್ಕವನಾದ ತಮ್ಮ ಕಳೆದೆರಡು ವರ್ಷದಿಂದ ಒಂದು ಬೆಂಕಿಕಡ್ಡಿಯನ್ನು ಊದಿ ಆರಿಸಲಾರದೆ ಕೈ ಬೀಸಿ ಆರಿಸುತ್ತಿದ್ದ. ನಾಚಿಕೆಯಾಯಿತು. ತಮ್ಮನ ಹೆಸರು, ತಂದೆಯ ಹೆಸರು, ವಯಸ್ಸು, ಮಧ್ಯಾಹ್ನದ ನಮಾಜಿನ ನಂತರ ದಫನು. ಹೇಳಿ ಮುಗಿಸಿದರು. ಧ್ವನಿ ನಡುಗಲಿಲ್ಲ. ನಡುಗಬೇಕಿತ್ತು ಎಂದು ಆಮೇಲೆ ಅನಿಸಿತು.

ಮಸೀದಿಯಿಂದ ತಮ್ಮನ ಮನೆಗೆ ಅರವತ್ತು ಹೆಜ್ಜೆ. ದಿನಕ್ಕೆ ಐದು ಸಲ ಹೋಗುವಾಗ, ಐದು ಸಲ ಬರುವಾಗ ಆ ಜಗಲಿಯ ಮುಂದೆಯೇ ಹಾಯಬೇಕು. ಜಗಲಿಯ ಕುರ್ಚಿಯಲ್ಲಿ ಮೂಗಿಗೆ ಆಕ್ಸಿಜನ್ ನಳಿಗೆ ಸಿಕ್ಕಿಸಿಕೊಂಡು, ಎರಡು ಮೊಣಕೈಯನ್ನೂ ಮೊಣಕಾಲಿನ ಮೇಲೆ ಊರಿ, ಭುಜ ಎತ್ತಿ ಕೂತಿರುತ್ತಿದ್ದ ರೊಹ್ಮಾದಿ. ಸಲಾಂ ಎಂದರೆ ಸಲಾಂ. ಕಳೆದ ಐದು ತಿಂಗಳಲ್ಲಿ ಅದಕ್ಕಿಂತ ಹೆಚ್ಚಿನ ಮಾತಿಲ್ಲ. ದಿಮ್ಯಾತಿಯವರಿಗೆ ನಡೆಯುತ್ತ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಮೊದಲು ತಮ್ಮನ ಮೇಲೆಯೇ ಬಂತು. ಕದ್ದು ಸೇದದೆ ಇದ್ದಿದ್ದರೆ ಇವತ್ತು ಬದುಕಿರುತ್ತಿದ್ದನಲ್ಲ! ಸಮುದ್ರದ ಕಡೆಯ ಆ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಎದೆಯ ಡಾಕ್ಟರು ಎಷ್ಟು ಚೆನ್ನಾಗಿ ಹೇಳಿದ್ದ. ಶ್ವಾಸಕೋಶದ ಮೇಲ್ಭಾಗ ಹಳೆಯ ಚೀಲದಂತೆ ಉಬ್ಬಿ ಕೆಟ್ಟುಹೋಗಿದೆ, ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಉಬ್ಬಿದ್ದು ಕೆಳಗಿನ ಒಳ್ಳೆಯ ಭಾಗವನ್ನು ಅದುಮಿ ಹಿಡಿದಿದೆ. ಕೆಟ್ಟದ್ದನ್ನು ಕತ್ತರಿಸಿ ತೆಗೆದರೆ ಉಳಿದದ್ದು ಹಿಗ್ಗುತ್ತದೆ. ಎಲ್ಲರಿಗೂ ಮಾಡುವ ಆಪರೇಷನ್ ಅಲ್ಲ, ಇವರಿಗೆ ಮಾಡಬಹುದು, ಮೇಲ್ಭಾಗವೇ ಕೆಟ್ಟಿರುವುದು ಇವರ ಅದೃಷ್ಟ ಎಂದಿದ್ದ. ರೊಹ್ಮಾದಿ ನಡುನಡುವೆ ಉಸಿರೆಳೆದುಕೊಳ್ಳುತ್ತ ನಕ್ಕಿದ್ದ. "ಗೊತ್ತಾಯ್ತು ಡಾಕ್ಟ್ರೇ. ಗಿಡದ ತುದಿ ಚಿವುಟೋದು. ತುದಿ ಚಿವುಟಿದ್ರೆ... ಕೆಳಗಿನ ಎಲೆ ದಪ್ಪ ಬರತ್ತೆ. ಅದೇ ತಾನೇ?" ಊರಿನ ಮಗುವಿಗೂ ಗೊತ್ತಿರುವ ಮಾತು ಅದು; ಹೂ ಬಿಡುವ ಮೊದಲು ಹೊಗೆಸೊಪ್ಪಿನ ಗಿಡದ ತಲೆ ಚಿವುಟದಿದ್ದರೆ ಸೊಪ್ಪಿಗೆ ಸತ್ವ ಇಳಿಯುವುದಿಲ್ಲ. ಡಾಕ್ಟರು ಪಟ್ಟಣದವನು. ಏನೂ ಅರ್ಥವಾಗದೆ ಒಂದು ಮುಗುಳುನಗೆ ನಕ್ಕು, ಸಹಿ ಮಾಡಬೇಕಾದ ಕಾಗದಗಳನ್ನು ಮುಂದೆ ತಳ್ಳಿದ್ದ.

ಆ ಕಾಗದಗಳನ್ನು ತುಂಬಿದ್ದು ದಿಮ್ಯಾತಿಯವರೇ, ತಮ್ಮ ದುಂಡಗಿನ ಅಕ್ಷರದಲ್ಲಿ. ಹೊಗೆಸೊಪ್ಪಿನ ಚಟ: ಇತ್ತು, ಬಿಟ್ಟು ಹದಿನಾಲ್ಕು ತಿಂಗಳಾಯಿತು. ಸಾಕ್ಷಿ: ಹಾಜಿ ದಿಮ್ಯಾತಿ, ಅಣ್ಣ. ಉದ್ಯೋಗ ಎಂಬಲ್ಲಿ ಒಂದು ಗಳಿಗೆ ಪೆನ್ನು ನಿಂತಿತ್ತು. "ಏನು ಬರೀಲೋ?" ಎಂದು ಕೇಳಿದ್ದರು. "ಕೂತಲ್ಲಿಂದ ಏಳಕ್ಕಾಗಲ್ಲ, ನಂಗೆಂಥ ಉದ್ಯೋಗ ಅಣ್ಣಾ" ಎಂದಿದ್ದ ರೊಹ್ಮಾದಿ. ಏನೂ ಇಲ್ಲ ಎಂದು ಬರೆದರು. ಸುಳ್ಳೇನಲ್ಲ. ಹೊಲವನ್ನು ಗೇಣಿಗೆ ಕೊಟ್ಟು ಮೂರು ವರ್ಷವಾಗಿತ್ತು. ಮುಂದಿನ ವಾರ ಆಪರೇಷನ್ನು ಎನ್ನುವಾಗ ಉಚ್ಚೆ ಪರೀಕ್ಷೆ ಮಾಡಿದರು. ಇವರಿಬ್ಬರನ್ನೂ ಕರೆದು ಕೂರಿಸಿ, ರೊಹ್ಮಾದಿಯ ಮುಖ ನೋಡದೆ, ದಿಮ್ಯಾತಿಯವರ ಬಿಳಿ ಟೋಪಿಯನ್ನೇ ನೋಡುತ್ತ ಡಾಕ್ಟರು ಹೇಳಿದ: "ಇವರು ಸೇದ್ತಿದ್ದಾರೆ. ಸ್ವಲ್ಪ ಅಲ್ಲ. ಸೇದೋರಿಗೆ ನಾವು ಈ ಆಪರೇಷನ್ ಮಾಡಲ್ಲ. ಸಮಿತಿ ಹೆಸರು ಹೊಡೆದು ಹಾಕಿದೆ. ಆರು ತಿಂಗಳು ಬಿಟ್ಟು ಬನ್ನಿ." ಆಮೇಲೆ ಕಾಗದ ತಿರುವಿ, "ಸಾಕ್ಷಿ ಹಾಕಿದ್ದು ನೀವಾ? ಹಾಜಿಗಳಾಗಿ ಹೀಗೆ ಮಾಡಬಹುದಾ ಪಾಪ" ಎಂದ. ಪಾಪ ಎಂದನಲ್ಲ, ಆ ಒಂದು ಮಾತು! ಮೊಮ್ಮಗನ ವಯಸ್ಸಿನವನು. ಬಾಗಿಲ ಬಳಿ ನಿಂತಿದ್ದ ನರ್ಸು ತುಟಿ ಕಚ್ಚಿಕೊಂಡು ನಗು ತಡೆದಳು. ದಿಮ್ಯಾತಿಯವರ ಕಿವಿಗಳು ಸುಟ್ಟಂತಾದವು. ರೊಹ್ಮಾದಿ ಒಂದೇ ಮಾತು ಹೇಳಿದ: "ಇಲ್ಲ ಅಣ್ಣಾ." ಆರು ಗಂಟೆಯ ಬಸ್ಸಿನ ದಾರಿಯಲ್ಲಿ ಅದನ್ನು ಬಿಟ್ಟು ಬೇರೇನೂ ಹೇಳಲಿಲ್ಲ, ಹೇಳಲು ಅವನಲ್ಲಿ ಉಸಿರಿರಲಿಲ್ಲ. ಪಕ್ಕದಲ್ಲಿ ಕೂತ ದಿಮ್ಯಾತಿಯವರು ಅವನ ಅಂಗಿಯ ವಾಸನೆ ನೋಡಿದರು. ಇತ್ತು. ಹೊಗೆಸೊಪ್ಪಿನ ವಾಸನೆ ಇತ್ತು. ಅಲ್ಲಾಹನ ಮನೆಯ ಯಾತ್ರೆ ಮಾಡಿಬಂದ ತಮ್ಮನ್ನು ಸುಳ್ಳು ಸಾಕ್ಷಿಯನ್ನಾಗಿ ಮಾಡಿದನಲ್ಲ ಎಂದು ಕುದಿಯುತ್ತ ಕಿಟಕಿಯ ಕಡೆ ಮುಖ ತಿರುಗಿಸಿದರು. ಸೆಪ್ಟೆಂಬರಿನಲ್ಲಿ ಆ ಬೆಟ್ಟದಲ್ಲಿ ಯಾರ ಅಂಗಿಗೆ ಆ ವಾಸನೆ ಇರಲಿಲ್ಲ? ರಸ್ತೆಯ ಎರಡೂ ಬದಿಗೆ ಬಿದಿರು ತಟ್ಟೆಗಳ ಮೇಲೆ ಹೆಚ್ಚಿದ ಸೊಪ್ಪು ಒಣಗುವ ತಿಂಗಳು. ಅವರ ಜಪಮಣಿಗೂ ಅದೇ ವಾಸನೆ ಇದ್ದಿರಬೇಕು.

ಜಗಲಿ ತುಂಬ ಜನ ಸೇರಿದ್ದರು. ಹೆಂಗಸರು ಹಿತ್ತಲಿನಲ್ಲಿ ಗೆಣಸು ಬೇಯಿಸಲು ಒಲೆ ಹೂಡುತ್ತಿದ್ದರು. ಕುರ್ಚಿಯಿಂದ ಎತ್ತಿ ಚಾಪೆಯ ಮೇಲೆ ಮಲಗಿಸಿದ್ದ ದೇಹದ ಮೇಲೆ ಬಾಟಿಕ್ ಬಟ್ಟೆ ಹೊದಿಸಿತ್ತು. ಉಬ್ಬಿದ ಎದೆ ಸತ್ತ ಮೇಲೂ ತಗ್ಗಿರಲಿಲ್ಲ, ಬಟ್ಟೆಯ ಕೆಳಗೆ ಯಾರೋ ಬುಟ್ಟಿ ಇಟ್ಟ ಹಾಗೆ ಕಾಣುತ್ತಿತ್ತು. ತಮ್ಮನ ಹೆಂಡತಿ ತುಮಿರಾ ಗೋಡೆಗೆ ಒರಗಿ ಕೂತಿದ್ದವಳು ಇವರನ್ನು ನೋಡಿ ಎದ್ದಳು. ಅತ್ತಿರಲಿಲ್ಲ. "ತೊಳೆಯೋಕ್ ಮುಂಚೆ ಒಳಗ್ ಬನ್ನಿ ಭಾವ" ಎಂದಳು. ಒಳಕೋಣೆಯಲ್ಲಿ, ಅಕ್ಕಿಯ ಡಬ್ಬದ ಕೆಳಗಿನಿಂದ ಒಂದು ಲಕೋಟೆ ತೆಗೆದು ಕೊಟ್ಟಳು. ಅದೇ ಆಸ್ಪತ್ರೆಯ ಮುದ್ರೆ. ರೋಗಿಯ ವಿಷಯವನ್ನು ಮರಳಿ ಪರಿಶೀಲಿಸಲಾಗಿದೆ. ಹಿಂದಿನ ತೀರ್ಮಾನವನ್ನು ಹಿಂತೆಗೆದುಕೊಳ್ಳಲಾಗಿದೆ. ಮುಂದಿನ ತಿಂಗಳು ಹನ್ನೆರಡನೇ ತಾರೀಕು ದಾಖಲಾಗತಕ್ಕದ್ದು. ದಿಮ್ಯಾತಿಯವರು ಎರಡು ಸಲ ಓದಿದರು. ಕ್ಷಮಿಸಿ ಎಂಬ ಮಾತಿಗಾಗಿ ಕಾಗದದ ಹಿಂಬದಿಯನ್ನೂ ತಿರುವಿ ನೋಡಿದರು.

"ಇದೇನಮ್ಮ ಇದು?"

"ಪೇಟೆ ಕ್ಲಿನಿಕ್ಕಲ್ಲಿ ಹೊಸದಾಗಿ ಒಬ್ಳು ಡಾಕ್ಟ್ರು ಬಂದಿದಾಳೆ. ಚಿಕ್ಕೋಳು. ನವೆಂಬರಲ್ಲಿ ಔಷಧಿಗೆ ಹೋದಾಗ ಇವ್ರ ಅಂಗೈ ನೋಡಿ, ಅಜ್ಜ ಇದೇನು ಕಂದುಗಟ್ಟಿದೆ, ನೀವೇನು ಕೆಲ್ಸ ಮಾಡ್ತೀರಿ ಅಂದ್ಳು. ಕೆಲ್ಸ ಇಲ್ಲಮ್ಮ, ಊರೋರ ಸೊಪ್ಪು ನೋಡಿ ಯಾವ ತರದ್ದು ಅಂತ ಹೇಳ್ತೀನಿ ಅಷ್ಟೆ ಅಂದ್ರು. ಹೆಂಗೆ ನೋಡ್ತೀರಿ ಅಂದ್ಳು. ಮೊಣಕೈವರೆಗೂ ಬುಟ್ಟಿಗೆ ಕೈ ಹಾಕಿ, ಹಿಡಿಯಷ್ಟು ತೆಗ್ದು, ಅಂಗೈಯಲ್ಲಿ ಬೆವರು ಬರೋವರೆಗೂ ಉಜ್ಜಿ ಮೂಸ್ತೀನಿ ಅಂತ ತೋರಿಸಿದ್ರು. ಅವ್ಳು ಪೆನ್ನು ಕೆಳಗಿಟ್ಬಿಟ್ಳು ಭಾವ."

"ಆಮೇಲೆ?"

"ಹೀಗೆ ಉಜ್ಜಿದ್ರೆ ಚರ್ಮದೊಳಗೇ ಇಳಿಯತ್ತಂತೆ. ಉಚ್ಚೇಲಿ ಬರತ್ತಂತೆ. ಸೇದಿದ್ದೋ ಉಜ್ಜಿದ್ದೋ ಆ ಪರೀಕ್ಷೆಗೆ ಗೊತ್ತಾಗಲ್ವಂತೆ. ಮುಷ್ಟಿಯಷ್ಟು ಒಂದು ಮಿಷನ್ನು ಕೊಟ್ಟು ಊದಿ ಅಂದ್ಳು. ಪಾಪ, ನಾಕು ಸಲ ಊದಿದ್ರು. ಹೊಗೆ ಒಂದಿಷ್ಟೂ ಇಲ್ಲ, ಈ ಮನುಷ್ಯ ಸೇದಿಲ್ಲ ಅಂತ ಬರೆದು ಕಳ್ಸಿದ್ಳು. ಆ ಪತ್ರ ಅವ್ರ ಮೇಜಿಂದ ಮೇಜಿಗೆ ಹೋಗಿ ಬರೋಕೆ ಎರಡು ತಿಂಗಳು ಬೇಕಾಯ್ತು ನೋಡಿ."

"ಇದು ಬಂದಿದ್ದು ಯಾವಾಗ?"

"ಒಂಬತ್ತು ದಿನ ಆಯ್ತು."

"ನಂಗ್ಯಾಕೆ ಹೇಳ್ಲಿಲ್ಲ ತುಮಿರಾ?" ದಿಮ್ಯಾತಿಯವರ ದನಿ ಏರಿತು.

"ಕೂಗ್ಬೇಡಿ. ಅವ್ರೇ ಬೇಡ ಅಂದ್ರು. ಅಣ್ಣ ಒಂದು ಕಾಗ್ದ ನೋಡಿ ನನ್ನ ಸುಳ್ಳುಗಾರ ಅಂದ. ಇನ್ನೊಂದು ಕಾಗ್ದ ನೋಡಿ ಸತ್ಯವಂತ ಅಂದ್ರೆ, ಅದ್ರಲ್ಲಿ ನಾನೆಲ್ಲಿದೀನಿ? ನಂಬೋದಾದ್ರೆ ಕಾಗ್ದ ಇಲ್ದೆ ನಂಬ್ಲಿ, ಕಾಯ್ತೀನಿ ಅಂದ್ರು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ದಿನಾ ಕಾದ್ರು ಭಾವ. ನಿಮ್ಮ ಚಪ್ಪಲಿ ಸದ್ದು ಕೇಳಿದ್ರೆ ನಳಿಗೆ ಸರಿಮಾಡ್ಕೊಂಡು ನೆಟ್ಟಗೆ ಕೂರೋರು. ನೀವು ಮೈಕಲ್ಲಿ ಅಂದ್ರಿ. ಊರಿಗೆಲ್ಲ ಕೇಳೋ ಹಂಗೆ ಅಂದ್ರಿ. ಅದನ್ನ ಹಂಗೇ ಬಿಟ್ಟು ಮಣ್ಣು ಮುಚ್ಬೇಡಿ."

ಹೆಣ ತೊಳೆಯುವುದಕ್ಕೆ ಹಿತ್ತಲಿನಲ್ಲಿ ಬಾಳೆದಿಂಡುಗಳನ್ನು ಜೋಡಿಸಿ ಮರೆ ಕಟ್ಟಿದ್ದರು. ದಿಮ್ಯಾತಿಯವರು ನೀರು ಹೊಯ್ದರು, ಬಲಗಡೆಯಿಂದ ಶುರುಮಾಡಿ, ಬೆಸಸಂಖ್ಯೆಯಲ್ಲಿ, ಕರ್ಪೂರ ಬೆರೆಸಿದ ಕೊನೆಯ ನೀರಿನವರೆಗೆ. ಕೈಗಳಿಗೆ ಕೆಲಸ ಗೊತ್ತಿತ್ತು. ತಲೆಯೊಳಗೆ ಮಾತ್ರ ಆ ಡಾಕ್ಟರು ಮುಗುಳುನಗುತ್ತಿದ್ದ. ತುದಿ ಚಿವುಟೋದು ಎಂದು ರೋಗಿಯೇ ಬಾಯಿಬಿಟ್ಟು ಹೇಳಿದನಲ್ಲಯ್ಯ, ಅದೇನಪ್ಪ ಎಂದು ಕೇಳಬಾರದಾಗಿತ್ತೆ? ಎದೆಯ ಒಳಗನ್ನು ಪದರಪದರವಾಗಿ ಚಿತ್ರ ತೆಗೆದು ಗೋಡೆಗೆ ಹಾಕಿದಿರಿ, ನಡೆಸಿ ನೋಡಿದಿರಿ, ರಕ್ತ ಹೀರಿದಿರಿ. ಕೈ ತಿರುಗಿಸಿ ನೋಡಲಿಲ್ಲವಲ್ಲ. ಮುಷ್ಟಿಯಷ್ಟಿನ ಮಿಷನ್ನು, ಬೆಟ್ಟದ ಬುಡದ ಪೇಟೆಯಲ್ಲಿ ಇರುವಂಥದ್ದು, ಏಳು ಅಂತಸ್ತಿನ ನಿಮ್ಮ ಆಸ್ಪತ್ರೆಯಲ್ಲಿ ಇರಲಿಲ್ಲವೆ? ಹೀಗೆ ಕುದಿಯುತ್ತಲೇ ಅವರು ತಮ್ಮನ ಬಲಗೈಯನ್ನು ಎತ್ತಿ ಅಂಗೈ ಬಿಡಿಸಿದರು. ಗೆರೆಗಳ ಒಳಗೆ ಕಂದು ಬಣ್ಣ ಇಳಿದುಹೋಗಿತ್ತು. ಸೋಪು ಹಾಕಿ ತಿಕ್ಕಿದರು, ಹೋಗಲಿಲ್ಲ. ಆ ಬಣ್ಣವನ್ನು ಅವರು ನಲವತ್ತು ವರ್ಷ ನೋಡಿದ್ದರು. ಜಗಲಿಯಲ್ಲಿ ಕೂತು, ಮೂಗಿನ ನಳಿಗೆ ಕಿತ್ತಿಟ್ಟು, ಸೊಪ್ಪು ಮೂಸಿ, ಉಸಿರಿಗಾಗಿ ಒದ್ದಾಡಿ ಮತ್ತೆ ನಳಿಗೆ ಸಿಕ್ಕಿಸಿಕೊಳ್ಳುವ ತಮ್ಮನನ್ನು ಆ ಸೆಪ್ಟೆಂಬರಿನಲ್ಲೂ ನೋಡಿದ್ದರು. ದೂಳು ಕುಡೀಬೇಡ್ವೋ ಎಂದು ಗದರಿಸಿಯೂ ಇದ್ದರು. ತರದ ಅಂಕಿ ಏರಿದಷ್ಟೂ ಬೆಲೆ ಹೆಚ್ಚು; ಗೋದಾಮಿನವರು ಮೂರನೇ ತರ ಎಂದು ತಳ್ಳಿದ್ದನ್ನು ರೊಹ್ಮಾದಿ ಐದನೇ ತರ ಎಂದರೆ ಐದನೇ ತರವೇ. ಅವನ ಮಾತು ಹಿಡಿದು ಬಡವರು ಗೋದಾಮಿನ ಬಾಗಿಲಲ್ಲಿ ನಿಂತು ವಾದಿಸುತ್ತಿದ್ದರು. ಅದಕ್ಕೆ ಅವನು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಆದ್ದರಿಂದಲೇ ಅದು ಉದ್ಯೋಗವಲ್ಲ. ಏನೂ ಇಲ್ಲ ಎಂದು ದುಂಡಗೆ ಬರೆದ ಕೈ ಈಗ ಅವನ ಕೈಯನ್ನು ತೊಳೆಯುತ್ತಿತ್ತು.

ಆಸ್ಪತ್ರೆಯ ಮೇಲಿನ ಸಿಟ್ಟನ್ನು ಹಿಡಿದುಕೊಳ್ಳಲು ನೋಡಿದರು, ಅದು ಕೈಯಿಂದ ಜಾರಿತು. ಆ ಪಟ್ಟಣದವನು ತಿಳಿಯದವನು. ಅವನಿಗೆ ಈ ಮನುಷ್ಯ ಒಂದು ಹೆಸರು, ಒಂದು ಸಂಖ್ಯೆ. ತಮಗೆ? ಬಸ್ಸಿನಿಂದ ಇಳಿದ ಮೂರನೇ ದಿನ ಶುಕ್ರವಾರ. ಪ್ರವಚನದ ಪೀಠವಾದ ಮಿಂಬರಿನ ಮೇಲೆ ನಿಂತು, ಮೈಕು ಹೊರಗಿನ ಹಾರ್ನಿಗೂ ಹಾಕಿಸಿ, ಸುಳ್ಳಿನ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ್ದರು. ತನ್ನ ಜೀವಕ್ಕಾಗಿ ಸುಳ್ಳು ಹೇಳುವವನು, ತನ್ನ ಸ್ವಂತ ರಕ್ತವನ್ನು ಸುಳ್ಳು ಸಾಕ್ಷಿಗೆ ಎಳೆಯುವವನು. ಹೆಸರು ಹೇಳಲಿಲ್ಲ. ಹೆಸರು ಹೇಳದಿದ್ದುದಕ್ಕೆ ತಮ್ಮ ದಯೆಯನ್ನು ತಾವೇ ಮೆಚ್ಚಿಕೊಂಡಿದ್ದರು. ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದ ರೊಹ್ಮಾದಿಯ ಕಡೆ ಊರಿಗೆ ಊರೇ ಕತ್ತು ತಿರುಗಿಸಿತು. ಮರುವಾರ ಯಾರದೋ ಮನೆಯ ಕುರಾನ್ ಓದಿಗೆ ಸೇರಿದ್ದಾಗ, ಚಹಾ ಮತ್ತು ಹುರಿದ ಸೋಯಾ ತೆಂಪೆಯ ಜೊತೆ ಗಾಜಿನ ಲೋಟದಲ್ಲಿ ನಿಲ್ಲಿಸಿದ ಸಿಗರೇಟುಗಳು ವಾಡಿಕೆಯಂತೆ ಕೈಯಿಂದ ಕೈಗೆ ಬಂದಾಗ, ಈ ಪೊನಿಜಾನನೇ ಅದನ್ನು ರೊಹ್ಮಾದಿಯ ಮೂಗಿನ ಕೆಳಗೆ ಹಿಡಿದಿದ್ದ. "ತಗೋಳಪ್ಪ, ಹಿತ್ತಲಿಗೆ ಯಾಕೆ ಹೋಗ್ತೀಯ, ಇಲ್ಲೇ ಎಳಿ. ಹಾಜಿಗಳು ಕಣ್ಮುಚ್ಕೊಂಡಿದಾರೆ." ಎಲ್ಲರೂ ನಕ್ಕರು. ರೊಹ್ಮಾದಿಯೂ ನಕ್ಕು, ಲೋಟವನ್ನು ಪಕ್ಕದವನಿಗೆ ದಾಟಿಸಿದ. ದಿಮ್ಯಾತಿಯವರು ನಿಜಕ್ಕೂ ಕಣ್ಣು ಮುಚ್ಚಿಕೊಂಡಿದ್ದರು. ಮಾರನೆಯ ಬೆಳಿಗ್ಗೆ ಅದೇ ಪೊನಿಜಾನ್ ತನ್ನ ಬುಟ್ಟಿಯನ್ನು ಹೊತ್ತು ಆ ಜಗಲಿಗೆ ಹೋಗುವುದನ್ನು, ರೊಹ್ಮಾದಿ ಅಂಗಿಯ ತೋಳು ಮೇಲೇರಿಸುವುದನ್ನು ಮಸೀದಿಯ ಕಿಟಕಿಯಿಂದ ಕಂಡಿದ್ದರು. ಕಂಡೂ ಏನೂ ಹೊಳೆಯಲಿಲ್ಲ. ನೀರಿನಲ್ಲಿರುವವನಿಗೆ ಒದ್ದೆ ಎಂದರೇನು ಎಂದು ಹೊಳೆಯದ ಹಾಗೆ. ಇಲ್ಲ, ಈ ನೆಪವೂ ಬೇಡ. ಹೊಳೆಯದಿದ್ದರೂ ನಂಬಬಹುದಿತ್ತು. ಇಲ್ಲ ಅಣ್ಣಾ ಎಂದಿದ್ದನಲ್ಲ.

ಮಧ್ಯಾಹ್ನದ ನಮಾಜಾಯಿತು. ಜನಾಜಾದ ನಮಾಜೂ ಆಯಿತು. ಹಸಿರು ಬಟ್ಟೆ ಹೊದಿಸಿ, ಹೂವಿನ ಸರ ಇಳಿಬಿಟ್ಟ ಸಂದೂಕವನ್ನು ಮನೆಯ ಅಂಗಳಕ್ಕೆ ತಂದು ಇಳಿಸಿದರು. ಊರಿನ ಪದ್ಧತಿಯಂತೆ ಹೊರುವ ಮೊದಲು ಅಲ್ಲಿ ನಿಂತು ದಿಮ್ಯಾತಿಯವರು ಜನರನ್ನು ಮೂರು ಸಲ ಕೇಳಬೇಕು: ತೀರಿಕೊಂಡ ಈ ಮನುಷ್ಯ ಹೇಗಿದ್ದರು? ಜನ ಮೂರು ಸಲ ಒಂದೇ ದನಿಯಲ್ಲಿ ಹೇಳಬೇಕು: ಒಳ್ಳೆಯವರು. ಅದು ಅಲ್ಲಾಹನ ಮುಂದೆ ಸಾಕ್ಷಿಯಾಗುತ್ತದೆ ಎಂದು ನಂಬಿಕೆ. ಸಣ್ಣಗೆ ಮಳೆ ಹಿಡಿದಿತ್ತು. ಎಪ್ಪತ್ತೋ ಎಂಬತ್ತೋ ಮುಖಗಳು ಕೊಡೆಗಳ ಕೆಳಗೆ ಕಾಯುತ್ತಿದ್ದವು, ಬಾಯಲ್ಲಿ ಆ ಮಾತು ಸಿದ್ಧವಾಗಿತ್ತು. ದಿಮ್ಯಾತಿಯವರಿಗೆ ಆ ಸಿದ್ಧತೆಯನ್ನು ಕಂಡು ಮೈ ಉರಿಯಿತು. ನೆರೆಯವನ ಮೀನಿನ ಹೊಂಡಕ್ಕೆ ವಿಷ ಹಾಕಿದವನು ಸತ್ತಾಗ ಇದೇ ಅಂಗಳಗಳಲ್ಲಿ ಇವರು ಒಳ್ಳೆಯವರು ಎಂದಿದ್ದರು. ತಾಯಿಯನ್ನು ಹೊಡೆಯುತ್ತಿದ್ದವನಿಗೂ ಒಳ್ಳೆಯವರು. ತಾವು ಕೇಳಿದ್ದರು, ಇವರು ಅಂದಿದ್ದರು, ಸಂದೂಕ ಎದ್ದಿತ್ತು. ಈಗ ಕೇಳಿದರೆ ರೊಹ್ಮಾದಿಗೂ ಅದೇ ಮಾತು ಸಿಗುತ್ತದೆ, ಅದೇ ಹದದಲ್ಲಿ, ಅದೇ ರಾಗದಲ್ಲಿ. ಸುಳ್ಳುಗಾರ, ಪಾಪ, ಆದರೂ ಒಳ್ಳೆಯವರು. ಮೇಲೆ ಮಣ್ಣು ಬೀಳುತ್ತದೆ. ತಾವು ಮಾತ್ರ ಹಾಜಿಯಾಗಿಯೇ ಉಳಿದು ಮುಂದಿನ ಶುಕ್ರವಾರ ಮಿಂಬರು ಹತ್ತಬಹುದು. ಹಾಗೆ ಉಳಿಯುವ ಆಸೆ ಆ ಗಳಿಗೆಯಲ್ಲಿ ಎಷ್ಟು ಬಲವಾಗಿತ್ತೆಂದರೆ ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು. ಬಾಗಿಲಲ್ಲಿ ತುಮಿರಾ ನಿಂತಿದ್ದಳು. ಅವಳು ಇವರನ್ನು ನೋಡುತ್ತಿರಲಿಲ್ಲ, ಸಂದೂಕವನ್ನು ನೋಡುತ್ತಿದ್ದಳು.

"ಕೇಳಿ ಹಾಜಿಗಳೇ" ಎಂದ ಪೊನಿಜಾನ್ ಮೆಲ್ಲಗೆ. "ಮಳೆ ಜೋರಾಗೋ ಹಂಗಿದೆ."

"ಕೇಳಲ್ಲ" ಎಂದರು ದಿಮ್ಯಾತಿಯವರು. ಪಕ್ಕದವನ ಕೈಯಿಂದ ಕೈಮೈಕು ಕಿತ್ತುಕೊಂಡರು. "ಮೂವತ್ತೊಂದು ವರ್ಷ ನಾನು ಕೇಳ್ದೆ, ನೀವು ಹೇಳಿದ್ರಿ. ಇವತ್ತು ಕೇಳಲ್ಲ. ಇವತ್ತು ನಾನು ಹೇಳ್ತೀನಿ, ನೀವು ಕೇಳಿ. ಸೆಪ್ಟೆಂಬರ್ ಶುಕ್ರವಾರ ಸುಳ್ಳುಗಾರರ ಬಗ್ಗೆ ಅಷ್ಟುದ್ದ ಹೇಳಿದ್ನಲ್ಲ, ಅದು ಇವನ ಬಗ್ಗೆ. ನಿಮ್ಗೆಲ್ಲ ಗೊತ್ತಿತ್ತು. ಗೊತ್ತಿದ್ದೇ ಕತ್ತು ತಿರುಗಿಸಿ ನೋಡಿದ್ರಿ. ಇವನು ಸೇದಿರ್ಲಿಲ್ಲ. ಇಲ್ಲ ಅಣ್ಣಾ ಅಂದಿದ್ದ, ನಿಜ ಹೇಳಿದ್ದ. ಇವನ ಮೈಯಲ್ಲಿ ಸಿಕ್ಕಿದ್ದು ನಿಮ್ಮ ಸೊಪ್ಪು! ನಿಮ್ಮ ಬುಟ್ಟಿಗೆ ಹಾಕಿದ ಕೈಯಿಂದ ಇಳಿದಿದ್ದು. ಅದಕ್ಕೇ ಆಪರೇಷನ್ ನಿಲ್ತು. ಆಸ್ಪತ್ರೆಯೋರು ಕೇಳ್ಲಿಲ್ಲ, ಸರಿ, ಅವ್ರು ಹೊರಗಿನೋರು. ನಾನು ಕೇಳಿದ್ನಾ? ಇವನ ಉದ್ಯೋಗ ಏನೂ ಇಲ್ಲ ಅಂತ ಬರೆದ ಕೈ ನಂದು. ಮೂರು ಸಲ ಸಾಕ್ಷಿ ಹೇಳ್ಬೇಕು ತಾನೇ? ಸುಳ್ಳು ಹೇಳಿದೋನು ನಾನು. ಸುಳ್ಳು ಹೇಳಿದೋನು ನಾನು. ಸುಳ್ಳು ಹೇಳಿದೋನು ನಾನು."

ಇಂಥದಕ್ಕೆ ಏನು ಹೇಳಬೇಕೆಂದು ಆ ಊರಿಗೆ ಪದ್ಧತಿ ಇರಲಿಲ್ಲ. ಒಬ್ಬ ಮುದುಕ ರೂಢಿಯಿಂದ ಒಳ್ಳೆಯವ... ಎಂದು ಶುರುಮಾಡಿ ಅರ್ಧಕ್ಕೇ ನುಂಗಿಕೊಂಡ. ಆಮೇಲೆ ಸಂದೂಕದ ಬಿದಿರಿಗೆ ಹೆಗಲು ಕೊಡಲು ಬಗ್ಗಿದ್ದ ಪೊನಿಜಾನ್ ಬಗ್ಗಿದ ಹಾಗೆಯೇ, ಯಾರ ಮುಖವನ್ನೂ ನೋಡದೆ, "ನಂದು ಆರು ಬುಟ್ಟಿ" ಎಂದ.

"ನಮ್ಮನೇದು ನಾಕು" ಎಂದಿತು ಹಿಂದಿನಿಂದ ಒಂದು ದನಿ.

"ನಂದೆರಡು. ಆ ಪರೀಕ್ಷೆಗೆ ಹೋಗೋ ಹಿಂದಿನ ದಿನವೇ ತಂದಿದ್ದೆ. ಬೇಡ ಅನ್ಲಿಲ್ಲ ಅವ್ನು."

"ಹನ್ನೊಂದು" ಎಂದು ಬೇಲಿಯ ಬಳಿಯಿಂದ ಒಬ್ಬ ಹೆಂಗಸು ಹೇಳಿ, ಬಾಯಿಗೆ ಸೆರಗು ಒತ್ತಿಕೊಂಡಳು.

ದಿಮ್ಯಾತಿಯವರು ಕೈಮೈಕನ್ನು ಕೆಳಗಿಟ್ಟರು. ಮುಂದಿನ ಮಾತು ಜನರಿಗೆ ಹೇಳುವುದಾಗಿರಲಿಲ್ಲ. ಮಳೆಯಲ್ಲಿ ಎರಡೂ ಕೈ ಎತ್ತಿದರು, ಅವರ ಹಿಂದೆ ಎಲ್ಲ ಕೈಗಳೂ ಎದ್ದವು. ಅರಬ್ಬಿಯಲ್ಲಿ ಓದಿ ಮುಗಿಸಿ, ಎಂದೂ ಮಾಡದ ಹಾಗೆ, ತಾಯಿ ಕಲಿಸಿದ ಮಾತಿನಲ್ಲೇ ಕೇಳಿಕೊಂಡರು: ಅಲ್ಲಾಹನೇ, ರೊಹ್ಮಾದಿಯನ್ನು ಕ್ಷಮಿಸು, ಅವನ ಮೇಲೆ ನಾನು ಹೊರಿಸಿದ್ದನ್ನು ಅವನ ಲೆಕ್ಕಕ್ಕೆ ಹಿಡಿಯಬೇಡ, ನನ್ನ ಲೆಕ್ಕಕ್ಕೆ ಹಿಡಿ. ಬರುತ್ತಿರುವವನನ್ನು ಮರ್ಯಾದೆಯಿಂದ ಬರಮಾಡಿಕೋ. ಅವನು ಹೇಳಿದ್ದನ್ನು ನೀನಾದರೂ ಮೊದಲ ಸಲಕ್ಕೇ ನಂಬು. ಅವನ ಮಣ್ಣನ್ನು ವಿಶಾಲ ಮಾಡು, ಹಗುರ ಮಾಡು. ದಣಿದಿದ್ದಾನೆ, ಅವನಿಗೆ ಶಾಂತಿ ಕೊಡು. ಆಮೀನ್.